ರಬಾಳೆ ತನಕದ ಪುರಾಣ

‘ಅಲ್ಲಾ, ಬಂದೈತಿ ಅಂದ್ರ ಎಲ್ಲೈತಿ?’

ಸಿದ್ಧೇಶ್ವರ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಡೊಂಬಿವಲಿಯ ಮೂರನೇ ಮಾಳಿಗೆಯ ಅಡಿಗೆಮನೆಯಲ್ಲಿ, ನಳದ ನೀರು ನಿಂತು ಕೊಡ ಬಕೆಟುಗಳೆಲ್ಲ ತುಂಬಿ ಕೂತಮೇಲೆ, ಒಂದು ಕೈಯಲ್ಲಿ ವಿಭೂತಿಯ ಗಟ್ಟಿ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದ. ಹನ್ನೊಂದು ದಿನದಿಂದ ಫೋನು ಬೆಳಗಾದರೆ ಒಂದೇ ಮಾತು ಹೇಳುತ್ತಿತ್ತು. ಹೊಸ ಅಪ್‌ಡೇಟ್ ಡೌನ್‌ಲೋಡ್ ಆಗಿದೆ, ಎರಡು ಪಾಯಿಂಟ್ ಒಂಬತ್ತು ಜಿಬಿ; ಇನ್‌ಸ್ಟಾಲ್ ಮಾಡಲು ಜಾಗ ಸಾಲದು; ಜಾಗ ಖಾಲಿ ಮಾಡಿ. ಬೇರೆಯವರಾದರೆ ಬೆರಳಿನಿಂದ ಸರಿಸಿ ಮುಂದೆ ಹೋಗುತ್ತಿದ್ದರೇನೋ. ಸಿದ್ಧೇಶ್ವರ ರಬಾಳೆಯ ವಾಲ್ವ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರ್. ಗೇಟಿನೊಳಗೆ ಬಂದ ಒಂದು ವಾಷರ್ ಕೂಡ ಕಪಾಟಿನ ನಂಬರಿಲ್ಲದೆ, ಬಿನ್ ಕಾರ್ಡಿನ ಮೇಲೆ ಒಂದು ಗೆರೆಯಿಲ್ಲದೆ ಅವನ ಕೈದಾಟಿ ಒಳಗೆ ಹೋದದ್ದಿಲ್ಲ. ಬಂದಿದೆ ಎನ್ನುವುದು, ಇಷ್ಟು ತೂಕ ಎಂದು ತೂಕವನ್ನೂ ಹೇಳುವುದು, ಆದರೆ ಯಾವ ಕಪಾಟಿನಲ್ಲೂ ಇರದೇ ಇರುವುದು, ಇಂಥ ಸಾಮಾನನ್ನು ಅವನು ಕಂಡಿರಲಿಲ್ಲ. ಸಿಕ್ಕಿದ್ದರೆ ಅದನ್ನು ಅಳಿಸಿಬಿಡಬಹುದಿತ್ತು. ಅದು ಹೋದರೆ ಫೋನಿನಲ್ಲಿ ಗಾಳಿಯಾಡುತ್ತಿತ್ತು, ಉಳಿದದ್ದು ಉಳಿಯುತ್ತಿತ್ತು. ಡೌನ್‌ಲೋಡ್ ಎಂಬ ಕಪಾಟನ್ನು ತೆಗೆದು ನೋಡಿದ. ಮೂರು ತಿಂಗಳ ಕರೆಂಟ್ ಬಿಲ್ಲು, ಯಾರದೋ ಲಗ್ನಪತ್ರಿಕೆ, ತನ್ನದೇ ಆಧಾರ್ ಕಾರ್ಡಿನ ನಾಲ್ಕು ಪ್ರತಿ, ಗುಲಾಬಿ ಹೂವಿನ ಮೇಲೆ ಶುಭೋದಯ. ಮುಚ್ಚಿದ.

‘ಪಪ್ಪಾ, ತೇ ದಿಸತ್ ನಾಹಿ,’ ಎಂದಳು ಐಶ್ವರ್ಯಾ, ಕನ್ನಡಿಯ ಮುಂದೆ ಕೂದಲು ಬಾಚುತ್ತ. ಕಾಣುವುದಿಲ್ಲವಂತೆ. ಮಗಳು ಕನ್ನಡದ ಪ್ರಶ್ನೆಗೆ ಮರಾಠಿಯಲ್ಲಿ ಉತ್ತರ ಕೊಡುವುದಕ್ಕೆ ಶುರುಮಾಡಿ ಹದಿನೈದು ವರ್ಷವಾಗಿತ್ತು. ಫೋನು ಅವಳ ಮೊದಲ ಪಗಾರದ್ದು.

‘ಕಾಣದಿದ್ರ ಬಂದೈತಿ ಅಂತ ಹೆಂಗ ನಂಬೋದು?’

‘ಸಾಂಗಿತಲೈ ನಾ ತ್ಯಾನೇ.’ ಹೇಳಿದೆಯಲ್ಲ ಅದೇ. ‘ರೆಕಾರ್ಡಿಂಗ್ ಡಿಲೀಟ್ ಕರಾ. ದೋನಶೆ ಬಾರಾ ಆಹೇತ್, ಪಪ್ಪಾ. ಕಧೀ ಐಕತಾ ತುಮ್ಹಿ?’

ಇನ್ನೂರಾ ಹನ್ನೆರಡು ಇವೆ, ಯಾವಾಗಾದರೂ ಕೇಳಿದ್ದೀರಾ ಎಂಬುದು ಪ್ರಶ್ನೆ. ಸಿದ್ಧೇಶ್ವರ ‘ಹೂಂ’ ಎಂದ. ಈ ಹೂಂಗೆ ಅರ್ಥವಿರಲಿಲ್ಲ. ಅವನ ಬಾಯಿ ಅದನ್ನು ಹತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದಿತ್ತು. ಮನೆಯಲ್ಲಿ, ಕಾರ್ಖಾನೆಯಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ ಯಾರ ಮಾತು ಎಲ್ಲಿ ಉಸಿರಿಗಾಗಿ ನಿಂತರೂ ಅಲ್ಲಿ ಅವನ ಹೂಂ ಬಿದ್ದುಬಿಡುತ್ತಿತ್ತು. ಒಮ್ಮೆ ಸೊಸೈಟಿಯವರು ನೀರಿನ ಟಾಕಿಯ ಉಸ್ತುವಾರಿ ಯಾರು ವಹಿಸಿಕೊಳ್ಳುತ್ತೀರಿ ಎಂದು ಕೇಳಿ ಉಸಿರೆಳೆದುಕೊಂಡಾಗ ಬಿದ್ದ ಹೂಂನಿಂದಾಗಿ ಎರಡು ವರ್ಷ ಟಾಕಿಯ ಕೀಲಿಕೈ ಅವನ ಹತ್ತಿರ ಇತ್ತು. ಕಲಿಸಿದವರು ಅದೇ ಕಾರ್ಖಾನೆಗೆ ಜೊತೆಯಲ್ಲಿ ಹೋಗುತ್ತಿದ್ದ ಸೋಮಣ್ಣ. ಪುರಾಣ ಹೇಳುವವನ ಎದುರಿಗೆ ಹೂಂಗುಡುವವನೊಬ್ಬ ಇರಲೇಬೇಕು, ಇಲ್ಲದಿದ್ದರೆ ಹೇಳಬಾರದು, ಎಂದು ಮೊದಲ ದಿನವೇ ತಿಳಿಸಿದ್ದರು. ಷಟ್ಪದಿಯಲ್ಲಿ ಮೂರನೆಯ ಸಾಲು ಉಳಿದವಕ್ಕಿಂತ ಉದ್ದ, ಅಲ್ಲಿ ಹೇಳುವವನು ಉಸಿರು ತೆಗೆದುಕೊಳ್ಳುತ್ತಾನೆ, ಅಲ್ಲೊಂದು ಹೂಂ. ಆರನೆಯದು ಮತ್ತೆ ಉದ್ದ, ಪದ್ಯ ಮುಗಿಯಿತು, ಅಲ್ಲೊಂದು ದೊಡ್ಡ ಹೂಂ. ಅರ್ಥ ತಿಳಿಯಿತೆಂದು ಹೂಂ ಅನ್ನುವುದಲ್ಲ. ಪದ್ಯ ಒಬ್ಬರಿಗೆ ಮುಟ್ಟಿತು ಎಂಬುದಕ್ಕೆ. ಪಾವತಿ ಇದ್ದ ಹಾಗೆ ಎಂದುಕೊಂಡಿದ್ದ ಸಿದ್ಧೇಶ್ವರ, ಮಾಲು ಮುಟ್ಟಿದ ಸಹಿ.

ಆ ಪುರಾಣ ಅಚ್ಚಾದದ್ದಲ್ಲ. ಸೋಮಣ್ಣನ ಅಜ್ಜ ತಮ್ಮೂರಿನ ಒಬ್ಬ ಶರಣನ ಮೇಲೆ ಕಟ್ಟಿದ್ದು. ಬರೆದ ಪ್ರತಿ ಒಂದೇ ಇತ್ತು, ಅವರ ಮನೆಯಿದ್ದ ಕಲ್ಯಾಣಕ್ಕೆ ನೀರು ನುಗ್ಗಿದ ವರ್ಷ ಟ್ರಂಕಿನ ಸಮೇತ ಅದು ಕೆಸರಾಯಿತು. ಸೋಮಣ್ಣ ಅಳಲಿಲ್ಲ. ಬಾಯಾಗ ಐತಲಾ, ಎಂದರು. ಬಾಯಲ್ಲಿದ್ದದ್ದು ಒಣಗಬಾರದೆಂದು ದಿನಾ ಹೇಳತೊಡಗಿದರು. ಕಲ್ಯಾಣದಿಂದ ಅವರು, ಡೊಂಬಿವಲಿಯಿಂದ ಇವನು. ಠಾಣೆಯವರೆಗೆ ಜನರ ಮೊಳಕೈಗಳ ನಡುವೆ ಬಾಯಿ ಮುಚ್ಚಿಕೊಂಡು ನಿಂತು ಬರುವುದು, ಠಾಣೆಯಲ್ಲಿ ರಬಾಳೆಯ ಕಡೆಯ ಗಾಡಿ ಅಲ್ಲಿಂದಲೇ ಹೊರಡುವುದರಿಂದ ಕಿಟಕಿಯ ಜಾಗ ಹಿಡಿಯುವುದು, ಗಾಡಿ ಅಲುಗಿದೊಡನೆ ಸೋಮಣ್ಣ ಕಣ್ಣು ಮುಚ್ಚಿ ಶುರುಮಾಡುವುದು. ದಿಘಾ, ಐರೋಲಿ, ರಬಾಳೆ. ಹದಿನೈದು ನಿಮಿಷ. ಎರಡು ವರ್ಷದ ಹಿಂದೆ ಈ ಫೋನು ಬಂದಾಗ ಸಿದ್ಧೇಶ್ವರ ಅದನ್ನು ಮೊಣಕಾಲ ಮೇಲಿಟ್ಟು ರೆಕಾರ್ಡ್ ಒತ್ತತೊಡಗಿದ. ‘ಸಂಜಿಗೆ ಮನಿಯಾಗ ಮತ್ತ ಕೇಳ್ತೀನ್ರಿ ಅಣ್ಣಾರ,’ ಎಂದಿದ್ದ. ಸೋಮಣ್ಣ ಸಂತೋಷಪಟ್ಟಿದ್ದರು. ಸಂಜೆ ಮನೆಗೆ ಬಂದು ಅವನು ಒಂದನ್ನೂ ಕೇಳಲಿಲ್ಲ. ಬೆಳಿಗ್ಗೆ ಎದುರಿಗೆ ಕೂತು ಕೇಳಿದ್ದೇನಲ್ಲ ಎಂದು ಸಮಾಧಾನ. ನಾಲ್ಕೂವರೆಗೆ ನೀರು ಬರುತ್ತದೆ, ಆಗಲೇ ಎದ್ದವನು. ಠಾಣೆಯಲ್ಲಿ ಸೀಟು ಸಿಕ್ಕಕೂಡಲೇ ಕಣ್ಣು ಸ್ವಲ್ಪ ಎಳೆಯುತ್ತಿದ್ದದ್ದು ನಿಜ. ಕಣ್ಣು ಮುಚ್ಚಿದರೇನು, ಹೂಂ ತಪ್ಪಿಲ್ಲ. ಆ ಧೈರ್ಯ ಅವನಿಗೆ ಇತ್ತು. ಕನ್ನಡ ಸಂಘದವರು ಹೋದ ಜನವರಿಯ ವಾರ್ಷಿಕೋತ್ಸವದಲ್ಲಿ ‘ಉತ್ತಮ ಶ್ರೋತೃ’ ಎಂದು ಅವನಿಗೆ ಶಾಲು ಹೊದಿಸಿದಾಗಲೂ ಇತ್ತು. ಹೇಳಾವ್ರು ಎಲ್ಲಿ ಬೇಕಲ್ಲಿ ಸಿಗತಾರ, ಎಂದು ಸೋಮಣ್ಣ ಮೈಕಿನಲ್ಲಿ ಹೇಳಿದ್ದರು, ಕೇಳಾವ್ರು ಇವನಂಥಾವ್ರು ಸಿಗೂದಿಲ್ಲ. ಸಿದ್ಧೇಶ್ವರ ವೇದಿಕೆಯ ಮೇಲಿಂದಲೇ ಹೂಂ ಎಂದಿದ್ದ. ಜನ ನಕ್ಕಿದ್ದರು.

ಅದಾದ ಎರಡು ತಿಂಗಳಿಗೆ ಸೋಮಣ್ಣನ ಗಂಟಲಿನಲ್ಲಿ ಗಡ್ಡೆ ಎಂದರು, ಧ್ವನಿಪೆಟ್ಟಿಗೆ ತೆಗೆದರು. ಕಲ್ಯಾಣದ ಮನೆ ಮುಚ್ಚಿ, ಗಂಡ ಹೆಂಡತಿ ಕೋಪರಖೈರಣೆಯ ಮಗಳ ಮನೆಗೆ ಬಂದು ಇಳಿದುಕೊಂಡರು. ಸಿದ್ಧೇಶ್ವರ ಆಸ್ಪತ್ರೆಗೆ ಎರಡು ಸಲ ಹೋದ, ಮನೆಗೆ ಒಮ್ಮೆಯೂ ಹೋಗಲಿಲ್ಲ. ಮಾತಾಡದ ಮನುಷ್ಯನ ಎದುರು ಹೂಂ ಎಲ್ಲಿ ಅನ್ನುವುದು ಎಂಬುದು ಅವನಿಗೆ ತಿಳಿದಿರಲಿಲ್ಲ. ನಿನ್ನೆ ಸಂಜೆ ಸೋಮಣ್ಣನ ಹೆಂಡತಿ ಗಿರಿಜವ್ವ ಫೋನ್ ಮಾಡಿದರು. ‘ಸಿದ್ದೂ, ಆ ರಿಕಾರ್ಡು ನಿನ್ನ ಕಡೆ ಅದಾವಲ, ಇವರು ಕೇಳಬೇಕಂತಾರ. ನಾಳಿಗೆ ತಗೊಂಡು ಬಾರಪಾ.’ ಅವನು ಹೂಂ ಎಂದ. ಬೆಳಗಿನ ಅರ್ಧ ದಿನಕ್ಕೆ ರಜೆ ಬರೆದ.

ಹತ್ತು ಗಂಟೆಯ ಹೊತ್ತಿಗೆ ಹೊರಟರೂ ಠಾಣೆಯಲ್ಲಿ ಇವತ್ತು ಕಿಟಕಿಯ ಜಾಗ ಸಿಕ್ಕಿತು. ಎದುರಿನ ಸೋಮಣ್ಣನ ಜಾಗದಲ್ಲಿ ಕೊರಳಿಗೆ ಕಂಪನಿಯ ಬಿಲ್ಲೆ ಹಾಕಿಕೊಂಡ ಹುಡುಗನೊಬ್ಬ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಕೂತಿದ್ದ. ಗಾಡಿ ಹೊರಟಿತು. ನಿದ್ದೆ ಬಾರದಿರಲೆಂದು ಸಿದ್ಧೇಶ್ವರ ಫೋನು ತೆಗೆದು ಮತ್ತೆ ಹುಡುಕತೊಡಗಿದ. ಯಾವುದು ದೊಡ್ಡದೋ ಅದು ಮೇಲೆ ಬರುವಂತೆ ಸಾಲು ಮಾಡುವ ಒಂದು ಗುಂಡಿ ಇದೆಯೆಂದು ಐಶ್ವರ್ಯಾ ತೋರಿಸಿದ್ದಳು. ಒತ್ತಿದ. ಎರಡು ಪಾಯಿಂಟ್ ಒಂಬತ್ತರ ಸಾಮಾನು ಎಲ್ಲಕ್ಕಿಂತ ಮೇಲೆ ಕಾಣಬೇಕಿತ್ತು. ಕಾಣಲಿಲ್ಲ. ಕಂಡದ್ದು ರೆಕಾರ್ಡಿಂಗುಗಳು, ಒಂದರ ಕೆಳಗೊಂದು, ಒಂದೇ ಅಳತೆಯವು, ಕಪಾಟಿನಲ್ಲಿ ಜೋಡಿಸಿದ ಗ್ಯಾಸ್ಕೆಟ್ ಡಬ್ಬಿಗಳ ಹಾಗೆ. ಅವುಗಳನ್ನು ದಾಟಿ ಕೆಳಗೆ ಹೋಗಲು ಬೆರಳೆಳೆದ, ಗಾಡಿ ಜೋಲಿ ಹೊಡೆಯಿತು, ಬೆರಳು ಊರಿತು, ಬೋಗಿಯೊಳಗೆ ಸೋಮಣ್ಣನ ದನಿ ತುಂಬಿಕೊಂಡಿತು. ಫೋನಿನ ದನಿ ಪೂರ್ತಿ ಏರಿತ್ತು. ನಾಲ್ಕಾರು ಜನ ತಿರುಗಿ ನೋಡಿದರು. ಏನೋ ಸಂತೋಷವಾಗಿ ಸಿದ್ಧೇಶ್ವರ ನಿಲ್ಲಿಸುವುದನ್ನು ಮರೆತ. ಕೆಮ್ಮು ಬರುವುದಕ್ಕೂ ಮುಂಚಿನ ದನಿ, ಕೆಳಗೆ ಹಿತ್ತಾಳೆ, ಮೇಲೆ ಸ್ವಲ್ಪ ಮರಳು. ಒಂದನೆಯ ಸಾಲು, ಎರಡನೆಯದು, ಮೂರನೆಯದು ಉದ್ದವಾಗಿ ಹೋಗಿ ನಿಂತಿತು. ಸಿದ್ಧೇಶ್ವರ ತನ್ನ ಹೂಂಗಾಗಿ ಕಾದ. ಬಂದದ್ದು ಗೊರಕೆ.

ಅನುಮಾನಕ್ಕೆ ಎಡೆಯಿಲ್ಲದ ಗೊರಕೆ. ಮೊದಲು ಒಂದು ಗರಗಸ, ಆಮೇಲೆ ಸೀಟಿ. ಆರನೆಯ ಸಾಲಿನ ಕೊನೆಗೆ ಇನ್ನೊಂದು, ದೊಡ್ಡದು. ಹುಡುಗ ಕಿವಿಯ ವೈರು ತೆಗೆದ. ‘ಕಾಕಾ, ಕೋಣಾಚಾ ಆಹೆ ಹಾ?’ ಎಂದ, ಯಾರದಿದು ಎಂದು, ನಗು ತಡೆದುಕೊಂಡು.

‘ಪತಾ ನಹೀ,’ ಎಂದ ಸಿದ್ಧೇಶ್ವರ. ಗೊತ್ತಿಲ್ಲ. ಮರಾಠಿಯಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಯಾಕೆ ಹೇಳಿದೆ ಎಂದು ಆಮೇಲೆ ಯೋಚಿಸಿದ. ಅಷ್ಟು ಹೊತ್ತಿಗೆ ನಿಲ್ಲಿಸಿದ್ದ. ಹುಡುಗ ವೈರು ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗಿದ, ಅವನ ಭುಜ ಐರೋಲಿ ಬರುವ ತನಕ ಅಲುಗುತ್ತಿತ್ತು. ಸಿದ್ಧೇಶ್ವರ ದನಿ ಇಳಿಸಿ ಫೋನನ್ನು ಕಿವಿಗೆ ಒತ್ತಿಕೊಂಡು ಹದಿನೇಳನೆಯದನ್ನು ಹಚ್ಚಿದ. ಗೊರಕೆ. ಅರವತ್ತನಾಲ್ಕು. ಗೊರಕೆ. ನೂರಾನಲವತ್ತು, ಶ್ರಾವಣ ಸೋಮವಾರದ್ದು, ಅವತ್ತು ಉಪವಾಸವಿದ್ದ, ಉಪವಾಸವಿದ್ದವನಿಗೆ ನಿದ್ದೆ ಕಡಿಮೆ ಇರಬೇಕು. ಗೊರಕೆ. ಮಾಲು ಬಂದ ದಿನವೇ ಡಬ್ಬಿ ಬಿಚ್ಚಿ ಎಣಿಸಬೇಕೆಂದು ಕೈಕೆಳಗಿನವರನ್ನು ಅವನು ಎಷ್ಟು ಸಲ ಗದರಿಸಿದ್ದಿಲ್ಲ. ಮೂರನೆಯ ಸಾಲು, ಆರನೆಯ ಸಾಲು. ಜಾಗ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಹಾಗಾದರೆ ಕಿವಿಯಲ್ಲಿದ್ದ ಆ ಹೂಂ ಯಾವುದು? ಅವನು ನಿದ್ದೆಯೊಳಗೆ ಹೇಳುತ್ತಿದ್ದ ಹೂಂ ಹೊರಗೆ ಬರುವ ಹೊತ್ತಿಗೆ ಹೀಗಾಗುತ್ತಿತ್ತೆ? ರಬಾಳೆ ಬಂತು, ಹುಡುಗ ಇಳಿದ, ಕಾಲು ತಾನಾಗಿ ಎದ್ದು ನಿಂತದ್ದನ್ನು ಸಿದ್ಧೇಶ್ವರ ಮತ್ತೆ ಕೂರಿಸಿದ. ಘನ್ಸೋಲಿಯೂ ಹೋಯಿತು. ಇನ್ನು ಸ್ವಲ್ಪ ಹೊತ್ತಿಗೆ ಸೋಮಣ್ಣ ಇದನ್ನು ಕೇಳುತ್ತಾರೆ, ಗಿರಿಜವ್ವ ಕೇಳುತ್ತಾರೆ, ಅವರ ಮಗಳು ಪೂನಂ ಸಂಜೆ ಬಂದು ಕೇಳುತ್ತಾಳೆ. ಆಮೇಲೆ ಸಂಘದವರು. ಶಾಲು ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಯೇ ಇದೆ, ವಾಪಸು ಕೊಟ್ಟರೆ ತೆಗೆದುಕೊಳ್ಳುವ ಪದ್ಧತಿ ಇರಲಾರದು.

ಕೋಪರಖೈರಣೆ ಸ್ಟೇಷನ್ನಿನ ಹೊರಗೆ ಮೊಬೈಲ್ ರಿಪೇರಿಯ ಅಂಗಡಿಗಳ ಸಾಲಿನಲ್ಲಿ ಒಂದರ ಗಾಜಿನ ಮೇಲೆ ದೇವಿಯ ಪಟವೂ ಅದರ ಕೆಳಗೆ ಕನ್ನಡದ ಎರಡಕ್ಷರವೂ ಇದ್ದವು. ಲತೀಶ್ ಎಂಬ ಉಡುಪಿಯ ಕಡೆಯವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಯಾರದೋ ಫೋನಿನ ಕರುಳು ಬಿಡಿಸುತ್ತಿದ್ದ. ಸಿದ್ಧೇಶ್ವರ ಸ್ಟೂಲಿನ ಮೇಲೆ ಕೂತು ಸಂಗತಿ ಹೇಳಿದ: ಬಂದಿದೆ ಅನ್ನುತ್ತದೆ, ಇಲ್ಲ.

‘ಉಂಟು, ಉಂಟು,’ ಎಂದ ಲತೀಶ್, ತಲೆಯೆತ್ತದೆ. ‘ನಿಮ್ಮ ಫೋನಲ್ಲೇ ಉಂಟು. ನಿಮಗೆ ತೋರಿಸುದಿಲ್ಲ ಅಷ್ಟೇ.’

‘ನನ್ನ ಫೋನಲ್ರಿ?’

‘ಫೋನು ನಿಮ್ಮದು. ಅದರ ಒಳಗಿನ ಒಂದು ಕೋಣೆ ಕಂಪನಿಯದ್ದು. ಬಾಡಿಗೆಮನೆಯಲ್ಲಿ ಒಂದು ರೂಮಿಗೆ ಓನರು ಬೀಗ ಹಾಕಿ ಇಟ್ಕೊಳ್ತಾನಲ್ಲ, ಹಾಗೆ. ಬೀಗ ಒಡೆದು ತೋರಿಸ್ಬಹುದು, ಆದ್ರೆ ಒಡೆದ್ರೆ ಮನೆಯಲ್ಲಿದ್ದದ್ದೆಲ್ಲ ಹೋಗ್ತದೆ. ಎಂತಕ್ಕೆ ಮಾರಾಯ್ರೆ ಅದೆಲ್ಲ, ಇನ್‌ಸ್ಟಾಲ್ ಆಗ್ಲಿ ಬಿಡಿ, ಆದ್ಮೇಲೆ ಆ ಫೈಲು ತಾನಾಗಿ ಹೋಗ್ತದೆ.’

‘ಜಾಗ ಇಲ್ಲಂತೈತಿ.’

ಲತೀಶ್ ಫೋನು ತೆಗೆದುಕೊಂಡು ಎರಡು ಬೆರಳಿನಲ್ಲಿ ಸರ್ರನೆ ಒಳಗೆ ಹೋದ. ‘ಇಲ್ಲಿ ಉಂಟಲ್ಲ ನಿಮ್ಮ ಜಾಗ. ಎಂತ ಇದು ಇನ್ನೂರು ಚಿಲ್ಲರೆ? ಭಾಷಣವಾ?’

‘ಪುರಾಣ.’ ಸಿದ್ಧೇಶ್ವರ ಸುತ್ತ ನೋಡಿದ, ಮುಂದಕ್ಕೆ ಬಾಗಿದ. ‘ಇದರಾಗಿಂದ ಗೊರಕಿ ಅಷ್ಟ ತೆಗೀಲಿಕ್ಕೆ ಬರ್ತದೇನ್ರಿ?’

ಲತೀಶ್ ಮೊದಲ ಬಾರಿಗೆ ಭೂತಗನ್ನಡಿ ತೆಗೆದು ಅವನ ಮುಖ ನೋಡಿದ. ಒಂದನ್ನು ಹಚ್ಚಿ ಅರ್ಧ ನಿಮಿಷ ಕೇಳಿದ. ಅವನ ಮುಖದಲ್ಲಿ ಏನೂ ಆಗಲಿಲ್ಲ. ದಿನಾ ಬೇರೆಯವರ ಫೋನಿನೊಳಗೆ ಏನೇನೋ ನೋಡಿದವನ ಮುಖ. ‘ಆಗುದಿಲ್ಲ. ಗೊರಕೆ ತೆಗೆದ್ರೆ ಅದರ ಕೆಳಗಿನ ಹಾಡೂ ಹೋಗ್ತದೆ. ಸುಮ್ನೆ ಎಲ್ಲ ತೆಗೆಯುವ. ಯಾರಾದ್ರೂ ಕೇಳಿದ್ರೆ ಅಪ್‌ಡೇಟಲ್ಲಿ ಹೋಯ್ತು ಅಂದ್ರಾಯ್ತು. ಎಲ್ಲರದ್ದೂ ಹೋಗ್ತದೆ, ಯಾರೂ ಎಂತ ಹೇಳುದಿಲ್ಲ.’

ಅಪ್‌ಡೇಟಲ್ಲಿ ಹೋಯಿತು. ಎಷ್ಟು ಸರಳ ವಾಕ್ಯ. ಅದರಲ್ಲಿ ಮಾಡಿದವನೇ ಇಲ್ಲ. ಕಾರ್ಖಾನೆಯಲ್ಲಿ ಮಾಲು ಕಡಿಮೆ ಬಿದ್ದಾಗ ಇಂಥದೊಂದು ವಾಕ್ಯ ಸಿಗುವುದಿಲ್ಲವೆಂದು ಅವನು ಎಷ್ಟೋ ಸಲ ಒದ್ದಾಡಿದ್ದ. ಕಾಣದ ಕೋಣೆಯಲ್ಲಿ ಕೂತ ಕಾಣದ ಸಾಮಾನು ಹೊರಗೆ ಬಂದು ಕಾಣುವುದನ್ನೆಲ್ಲ ನುಂಗಿ ಹೋಯಿತು. ಗಿರಿಜವ್ವ ನಂಬುತ್ತಾರೆ, ಸೋಮಣ್ಣ ನಂಬುತ್ತಾರೆ, ಶಾಲು ಕಪಾಟಿನಲ್ಲಿ ಉಳಿಯುತ್ತದೆ. ಪುರಾಣ ಇರುವುದಿಲ್ಲ, ಎಲ್ಲಿಯೂ. ಅಷ್ಟೆ. ಲತೀಶ್ ಅಷ್ಟರಲ್ಲಿ ಎಲ್ಲದರ ಮೇಲೂ ಗುರುತು ಬೀಳಿಸಿದ್ದ. ಪರದೆಯ ಮೇಲೆ ಇನ್ನೂರಾಹನ್ನೆರಡು ಎಂದು ಬಂತು, ಶಾಶ್ವತವಾಗಿ ಅಳಿಸಬೇಕೆ ಎಂದು ಬಂತು. ‘ಅಳಿಸ್ಲಾ?’ ಎಂದು ಕೇಳಿ ಅವನು ಉಸಿರು ತೆಗೆದುಕೊಂಡ.

ಅದು ಹೂಂ ಬೀಳುವ ಜಾಗ. ಸಿದ್ಧೇಶ್ವರನಿಗೆ ಅದು ಹೊಟ್ಟೆಯಿಂದ ಹೊರಟದ್ದು, ಎದೆ ದಾಟಿದ್ದು, ಮೂಗಿನ ಬುಡಕ್ಕೆ ಬಂದದ್ದು ಗೊತ್ತಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

‘ಇಲ್ಲಿ ಬೇಡ, ಇಲ್ಲಿ ಬೇಡ ಮಾರಾಯ್ರೆ, ಹೊರಗೆ,’ ಎಂದು ಲತೀಶ್ ಸ್ಟೂಲು ದೂಡಿ ಎದ್ದ. ‘ಗುಟ್ಕಾ ತಿಂದು ಅಂಗಡಿ ಒಳಗೆ ಬರ್ತೀರಿ.’

ಸಿದ್ಧೇಶ್ವರ ಹೊರಗೆ ಹೋಗಿ ಗಟಾರದ ಅಂಚಿಗೆ ನಿಂತ. ಜನ್ಮದಲ್ಲಿ ಗುಟ್ಕಾ ಮುಟ್ಟಿದವನಲ್ಲ. ಒಳಗಿನಿಂದ ಲತೀಶ್ ನೋಡುತ್ತಿದ್ದನಾದ್ದರಿಂದ ಮರ್ಯಾದೆಗೆಂದು ಸ್ವಲ್ಪ ಉಗುಳಿದ. ಬಾಯಿ ಒರೆಸಿಕೊಂಡು ಒಳಗೆ ಬಂದು, ‘ಆಮ್ಯಾಲೆ ನೋಡೂಣ್ರಿ,’ ಎಂದು ಫೋನು ತೆಗೆದುಕೊಂಡ. ಅಳಿಸುವ ಕೆಲಸವನ್ನು ಇಷ್ಟು ಜನ ಓಡಾಡುವ ಕಡೆ ಮಾಡುವುದು ಸರಿಯಲ್ಲ, ಮೆಟ್ಟಿಲ ಮೇಲೆ ನಿಂತು ತಾನೇ ಒತ್ತಬಹುದು ಎಂಬುದು ಲೆಕ್ಕ. ದಾರಿಯುದ್ದಕ್ಕೂ ವಾಕ್ಯವನ್ನು ಕನ್ನಡಕ್ಕೆ ಹೊಂದಿಸಿಕೊಂಡ. ವೈನಿ, ಒಂದ ಅಪ್‌ಡೇಟು ಬಂತ್ರಿ, ಎಲ್ಲಾ ಹೋದೂವು. ಬೇಡ, ಬಂತ್ರಿ ಅನ್ನುವುದು ಬೇಡ. ವೈನಿ, ಅಪ್‌ಡೇಟಿನ್ಯಾಗ ಎಲ್ಲಾ ಹೋದೂವ್ರಿ. ಇದು ಸರಿ. ತರಕಾರಿ ಗಾಡಿಯ ಹತ್ತಿರ ಒಮ್ಮೆ ಸಣ್ಣ ದನಿಯಲ್ಲಿ ಹೇಳಿ ನೋಡಿದ, ಮಾರುವವಳು ಮೆಂತ್ಯೆಯ ಕಟ್ಟು ಎತ್ತಿ ತೋರಿಸಿದಳು. ಮೆಟ್ಟಿಲ ಮೇಲೆ ನಿಂತು ಫೋನು ತೆಗೆದ. ಕೆಳಗಿನ ಮನೆಯವರ ಬಾಗಿಲು ತೆರೆದಿತ್ತು, ಒಬ್ಬ ಮುದುಕ ಇವನನ್ನೇ ನೋಡುತ್ತಿದ್ದ. ಅಳಿಸಿದ ಮೇಲೂ ಅದೇ ವಾಕ್ಯ, ಅಳಿಸುವ ಮುಂಚೆಯೂ ಅದೇ ವಾಕ್ಯ. ಮೊದಲು ಹೇಳಿಬಿಟ್ಟು ಆಮೇಲೆ ಅಳಿಸಿದರಾಯಿತು. ಮೇಲೆ ಹತ್ತಿ ಗಂಟೆ ಒತ್ತಿದ.

ಗಿರಿಜವ್ವ ಬಾಗಿಲು ತೆಗೆದು, ‘ತಂದಿಯೇನಪಾ?’ ಎಂದರು.

‘ಹೂಂ,’ ಎಂದ.

ಚಪ್ಪಲಿ ಬಿಡಲು ಬಾಗಿದಾಗ ತಾನು ಏನು ಹೇಳಿದೆನೆಂದು ತಿಳಿಯಿತು. ಆಗಲೇ ಗಿರಿಜವ್ವ ಒಳಗೆ ತಿರುಗಿ, ‘ತಂದಾನಂತ್ರಿ,’ ಎಂದಾಗಿತ್ತು.

ಸೋಮಣ್ಣ ಬಾಲ್ಕನಿಯ ಪಕ್ಕದ ಮಂಚದ ಮೇಲೆ ಗ್ರಿಲ್ಲಿಗೆ ಬೆನ್ನು ಕೊಟ್ಟು ಕೂತಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ ಮೊದಲಿನಂತೆಯೇ. ಗಂಟಲಿಗೆ ಕೂಸಿಗೆ ಕಟ್ಟುವಂಥ ಒಂದು ಬಿಳಿ ಬಟ್ಟೆ, ಉಸಿರಾಡಿದಾಗ ಅದು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ತೊಡೆಯ ಮೇಲೆ ಪೂನಂಳ ಮಗನ ಸ್ಲೇಟು, ಬರೆದು ಎಳೆದರೆ ಅಳಿಸಿಹೋಗುವಂಥದ್ದು. ಸಿದ್ಧೇಶ್ವರ ಕಾಲು ಮುಟ್ಟಿ, ‘ಶರಣ್ರಿ ಅಣ್ಣಾರ,’ ಎಂದ. ಅವರು ಅವನ ತಲೆಯ ಮೇಲೆ ಕೈಯಿಟ್ಟು, ಕುರ್ಚಿ ತೋರಿಸಿ, ಕೂಡಲೇ ಫೋನಿಗೆ ಕೈ ಚಾಚಿದರು.

‘ತಡೀರಿ, ಚಾ ಕುಡೀಲಿ,’ ಎಂದರು ಗಿರಿಜವ್ವ. ‘ನಾಕು ದಿನದಿಂದ ಇದ ಆತು ನೋಡು ಸಿದ್ದೂ. ಮೂರು ನೋಟುಬುಕ್ಕು ತರಿಸ್ಯಾರ, ಪುರಾಣ ಬರಿತೀನಂತ. ಬರಿಯಾಕ ಕೂತ್ರ ಎರಡು ಸಾಲಿಗೆ ಪೆನ್ನು ನಿಂದರತೈತಿ. ಬಾಯಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿಲ್ಲಂತ. ಐವತ್ತು ವರ್ಷ ಅದನ್ನ ಅಂದ ಮನಶ್ಯಾ. ಬಾಯಿ ಹೋಗೂದ್ರ ಜೋಡಿ ಅದೂ ಹೋತು ಅಂತ ಕಣ್ಣೀರು ಹಾಕ್ತಾರ. ನಾ ಅಂದೆ, ಸಿದ್ದೂನ ಕಡೆ ಎಲ್ಲಾ ಐತಿ, ಯಾಕ ಅಳ್ತೀರಿ.’

ಸಿದ್ಧೇಶ್ವರ ಚಹಾ ಕುಡಿದ. ವಾಕ್ಯ ಇನ್ನೂ ಬಾಯಲ್ಲಿತ್ತು, ಚಹಾದೊಂದಿಗೆ ಒಳಗೆ ಹೋಯಿತು. ಸೋಮಣ್ಣ ಬೆರಳಿನಿಂದ ಕೊನೆಯದು ಎಂದು ತೋರಿಸಿದರು. ಇನ್ನೂರಾಹನ್ನೆರಡನೆಯದನ್ನು ಅವನೇ ಹಚ್ಚಿ ಹಾಸಿಗೆಯ ಮೇಲಿಟ್ಟ.

ಮೊದಲು ಗಾಡಿಯ ಸದ್ದು. ಆಮೇಲೆ ಸೋಮಣ್ಣ. ಮಂಚದ ಮೇಲಿನ ಸೋಮಣ್ಣ ತಮ್ಮ ದನಿ ಕೇಳಿ ಕಣ್ಣು ಮುಚ್ಚಿದರು, ಗಂಟಲ ಬಟ್ಟೆ ಸಾಲಿಗೊಮ್ಮೆ ಒಳಗೆ ಹೋಗತೊಡಗಿತು. ನಾಲ್ಕು ಪದ್ಯ ಹೋದವು, ಸರಿಯಾದ ಹೂಂ ಇದ್ದವು, ಸಿದ್ಧೇಶ್ವರನಿಗೆ ಎಲ್ಲಿಂದಲೋ ಆಸೆ ಬಂತು. ದಿಘಾ ದಾಟಿರಬೇಕು, ಗೊರಕೆ ಶುರುವಾಯಿತು.

‘ಇದ್ಯಾರ್ದು?’ ಎಂದರು ಗಿರಿಜವ್ವ.

‘ನಂದರಿ ವೈನಿ.’

ಗಿರಿಜವ್ವ ಸೆರಗು ಬಾಯಿಗೆ ಹಿಡಿದುಕೊಂಡರು. ಸೋಮಣ್ಣ ಕಣ್ಣು ತೆರೆಯಲಿಲ್ಲ. ನೆಲದ ಹಾಸುಗಲ್ಲನ್ನು ನೋಡುತ್ತ ಕೂತ ಸಿದ್ಧೇಶ್ವರನಿಗೆ ಆಗ ಕೇಳಿಸಿತು, ರೈಲಿನಲ್ಲಿ ಕೇಳಿಸದೇ ಇದ್ದದ್ದು. ಗೊರಕೆ ಶುರುವಾದ ಸಾಲಿನಿಂದ ಸೋಮಣ್ಣನ ದನಿ ಇಳಿದಿತ್ತು. ಹಿತ್ತಾಳೆಯನ್ನು ಬಟ್ಟೆಯಲ್ಲಿ ಸುತ್ತಿದ ಹಾಗೆ, ಕೂಸು ಮಲಗಿದ ಮನೆಯಲ್ಲಿ ಹೆಂಗಸರು ಮಾತಾಡುವ ಹಾಗೆ. ಐರೋಲಿಯಲ್ಲಿ ಚಿಕ್ಕಿ ಮಾರುವವನು ಹತ್ತಿ ಕೂಗಿದ. ಪದ್ಯದ ನಡುವೆಯೇ ಸೋಮಣ್ಣ ‘ಹಳೂ ರೇ ಬಾಬಾ’ ಎಂದರು, ಮೆಲ್ಲಗೆ ಎಂದು, ಸಾಲನ್ನು ಬಿಟ್ಟಲ್ಲಿಂದ ಹಿಡಿದರು. ಮೂರನೆಯ ಸಾಲಿಗೆ ನಿಂತು ಗೊರಕೆ ಬರುವ ತನಕ ಕಾಯುತ್ತಿದ್ದರು. ಬಂದಮೇಲೆ ನಾಲ್ಕನೆಯದು. ಜಾಗ ತಪ್ಪದೇ ಇದ್ದದ್ದು ಹೀಗೆ. ಗೊತ್ತಿತ್ತು. ಮೈಕಿನ ಮುಂದೆ ನಿಂತು ಹೊಗಳಿದಾಗಲೂ ಸೋಮಣ್ಣನಿಗೆ ಗೊತ್ತಿತ್ತು. ಸಿದ್ಧೇಶ್ವರನಿಗೆ ಮೊದಲು ಬಂದದ್ದು ಸಿಟ್ಟು; ಹತ್ತೊಂಬತ್ತು ವರ್ಷದಲ್ಲಿ ಒಮ್ಮೆ ಮೊಳಕೈಯಿಂದ ತಿವಿದಿದ್ದರೆ ಏನಾಗುತ್ತಿತ್ತು. ಫೋನಿನಲ್ಲಿ ಕೊನೆಯ ಪದ್ಯ ಎತ್ತಿಕೊಂಡಿತು, ಇಳಿದ ದನಿಯಲ್ಲಿ:

ಕರೆದ ಕೂಡಲೆ ಬಂದ ದೇವನು
ಮರೆತು ಮಲಗಿದ ಶರಣನೆಡೆಯಲಿ
ತೆರೆದ ಬಾಗಿಲ ಬಳಿಯೆ ನಿಂತನು ದೀಪವನು ಹಿಡಿದು

ಗೊರಕೆ.

ಸರಿದು ಹೋಗದೆ ಕಾದನಾತನು

ಬ್ರೇಕಿನ ಸದ್ದು. ‘ಏಳಪಾ ಸಿದ್ದೂ,’ ಎಂದಿತು ಫೋನಿನಲ್ಲಿನ ದನಿ, ‘ರಬಾಳೆ.’ ಟಕ್ಕೆಂದು ಮುಗಿಯಿತು. ಅವನು ಎಚ್ಚರಾದಕೂಡಲೇ ಒತ್ತುತ್ತಿದ್ದ ಗುಂಡಿ ಅದು. ಪರದೆಯ ಮೇಲೆ ಜಾಗ ಖಾಲಿ ಮಾಡಿ ಎಂದು ಬಂತು. ಸಿದ್ಧೇಶ್ವರ ಅದನ್ನು ಬೆರಳಿನಿಂದ ಸರಿಸಿದ.

ಸೋಮಣ್ಣ ಕಣ್ಣು ತೆರೆದು ಸ್ಲೇಟಿನ ಮೇಲೆ ಬರೆದು ತಿರುಗಿಸಿದರು. ‘ಮುಂದ?’

‘ಮುಂದಿಂದು ಇದರಾಗ ಇಲ್ರಿ ಅಣ್ಣಾರ. ಇಲ್ಲಿಗೆ ಬಂದ್ ಆಗತೈತಿ. ಎಲ್ಲಾವೂ ರಬಾಳೆಗೆ ಬಂದ್ ಆಗ್ಯಾವು.’

‘ಅರ್ಧಕ್ಕ ಬಿಡೂ ಮನಶ್ಯಾ ಅಲ್ಲ ಇವರು,’ ಎಂದರು ಗಿರಿಜವ್ವ. ‘ಇಳದು ಪ್ಲಾಟ್‌ಫಾರ್ಮಿನ ಮ್ಯಾಲ ನಡಕೋತ ಮುಗಸ್ತಿದ್ರಂತ. ಗೇಟಿನ ತನಕಾ. ಆವಾಗರ ನಿನಗ ಎಚ್ಚರ ಇತ್ತಲ?’

ಇತ್ತು. ರಬಾಳೆಯ ಪ್ಲಾಟ್‌ಫಾರ್ಮು ಸಿದ್ಧೇಶ್ವರನಿಗೆ ಈಗಲೂ ಕಾಣುತ್ತಿತ್ತು. ಒಡೆದ ಮೂರು ಹಂಚು, ಮೆಟ್ಟಿಲ ಕೆಳಗೆ ಯಾವ ಕಾಲಕ್ಕೂ ಒಣಗದ ನೀರು, ರಸ್ತೆಗೆ ಬಂದಕೂಡಲೇ ಮೂಗಿಗೆ ಹೊಡೆಯುವ ಆಸಿಡ್ಡಿನ ವಾಸನೆ, ಪಕ್ಕದಲ್ಲಿ ಡಬ್ಬಿಯ ಚೀಲ ತೂಗಾಡಿಸುತ್ತ ತುಟಿಯಾಡಿಸುವ ಸೋಮಣ್ಣ. ಐದನೆಯ ಸಾಲು, ಆರನೆಯ ಸಾಲು. ಅವನು ಸರಿಯಾಗಿ, ಎಚ್ಚರದಲ್ಲಿ, ದೊಡ್ಡ ಹೂಂ ಅನ್ನುತ್ತಿದ್ದ. ಮನಸ್ಸೆಲ್ಲ ಎಂಟಕ್ಕೆ ಐದು ನಿಮಿಷವಿರುವಾಗ ಮುಚ್ಚುವ ಹಾಜರಿಯ ಮೇಲೆ. ರೆಕಾರ್ಡಿಂಗ್ ನಿಂತ ಜಾಗದಿಂದ ಮುಂದಿನದನ್ನು ಕೇಳಿದವನು ಲೋಕದಲ್ಲಿ ಅವನೊಬ್ಬನೇ. ಹಂಚು ನೆನಪಿತ್ತು, ನೀರು ನೆನಪಿತ್ತು.

ಸೋಮಣ್ಣ ಸ್ಲೇಟು ಎಳೆದು ಅಳಿಸಿ ಮತ್ತೆ ಬರೆದರು. ‘ನೀ ಹೇಳು.’ ಸ್ಲೇಟನ್ನು ಎದೆಗೆ ಆನಿಸಿ ಹಿಡಿದರು, ಇನ್ನೊಂದು ಕೈಯ ತೋರುಬೆರಳನ್ನು ಮಂಚದ ಅಂಚಿನ ಮೇಲೆ ಎತ್ತಿ ನಿಲ್ಲಿಸಿದರು. ಏನು ಮಾಡುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆ ಬೆರಳು ಹೂಂ. ಸಾಲು ಮುಗಿದಾಗ ಬಡಿಯಲು ಕಾದಿತ್ತು.

ಆಗ ಸಿದ್ಧೇಶ್ವರನ ಬಾಯಿಗೆ ಏನೋ ಬಂತು. ದೇವರು ಕಾದು ಆಮೇಲೆ ಏನು ಮಾಡಿದ, ಎಬ್ಬಿಸಿದನೋ, ಎಬ್ಬಿಸದೆ ಹೋದನೋ, ಎರಡು ಸಾಲು, ಎರಡನೆಯ ಅಕ್ಷರ ‘ರ’ಕಾರವಾಗಿಯೇ, ಅಳತೆ ತಪ್ಪದೆ, ಆರನೆಯದು ಉದ್ದವಾಗಿ. ಇಷ್ಟು ವರ್ಷ ಕಿವಿಯಲ್ಲಿ ಇಳಿದದ್ದು ಒಳಗೆ ಎಲ್ಲೋ ಬೀಗದ ಕೋಣೆಯಲ್ಲಿ ಕೂತಿದ್ದು ಈಗ ಬಂತೋ, ಅಥವಾ ಅಳತೆ ಮಾತ್ರ ಕಲಿತ ಬಾಯಿ ಈಗ ಇಲ್ಲಿ ಕೂತು ಹೊಸೆಯಿತೋ, ಅವನು ಎರಡೂ ಸಾಲನ್ನು ನಾಲಿಗೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದ. ಗುರುತು ಸಿಗಲಿಲ್ಲ. ಹೇಳಿದರೆ ಸೋಮಣ್ಣ ಬೆರಳು ಬಡಿಯುತ್ತಾರೆ, ಗಿರಿಜವ್ವ ನೋಟುಬುಕ್ಕಿನಲ್ಲಿ ಬರೆಸುತ್ತಾರೆ, ಅಂದಿನಿಂದ ಅದೇ ಪುರಾಣ. ಸೋಮಣ್ಣನ ಅಜ್ಜನ ಕಪಾಟಿನಲ್ಲಿ ಎಲ್ಲಿಂದ ಬಂತೆಂದು ತಿಳಿಯದ ಎರಡು ಸಾಮಾನು. ಬೆರಳು ಇನ್ನೂ ಎತ್ತಿಯೇ ಇತ್ತು.

‘ಹೇಳಪಾ,’ ಎಂದರು ಗಿರಿಜವ್ವ. ‘ಎಷ್ಟೊತ್ತಿಂದ ಬೆರಳು ಎತ್ತಿ ಕುಂತಾರ ನೋಡು. ತಪ್ಪಾದ್ರ ಆಗಲಿ, ಹೇಳು.’

ಹತ್ತೊಂಬತ್ತು ವರ್ಷದಲ್ಲಿ ಸೋಮಣ್ಣ ಏನು ಹೇಳಿದರೂ ಅವನು ಹೂಂ ಎಂದಿದ್ದ, ನಿದ್ದೆಯಲ್ಲಿಯೂ. ಸಿದ್ಧೇಶ್ವರ ಖಾಲಿ ಕಪ್ಪನ್ನು ನೆಲದ ಮೇಲಿಟ್ಟ.

‘ಇಲ್ರಿ ಅಣ್ಣಾರ,’ ಎಂದ. ‘ಹೇಳೂದಿಲ್ಲ.’